ಗೇಟಿನಿಂದ ಬಸ್ಸಿಗೆ ಎಷ್ಟು ನಿಮಿಷ? ಕಟ್ಟಡಕ್ಕೆ ಅನುಮತಿ ಕೊಡುವ ಮುನ್ನ ಸಾರಿಗೆ ಅಳೆಯುವ ಬಗೆ

ದೊಡ್ಡ ವಸತಿ ಸಮುಚ್ಚಯಕ್ಕೋ ಟೆಕ್ ಪಾರ್ಕಿಗೋ ಅನುಮತಿ ಕೇಳುವ ಕಡತದಲ್ಲಿ ಸಂಚಾರ ವರದಿ ಅಂತ ಒಂದಿರುತ್ತದೆ. ಅದರ ಬಹುಪಾಲು ಕಾರಿನ ಲೆಕ್ಕ. ಯಾವ ಸಿಗ್ನಲಿನಲ್ಲಿ ಎಷ್ಟು ಸೆಕೆಂಡು ತಡ, ನೆಲಮಾಳಿಗೆಯಲ್ಲಿ ಎಷ್ಟು ಕಾರು, ರ‍್ಯಾಂಪಿನ ಇಳಿಜಾರು ಎಷ್ಟು ಎಂಬುದೆಲ್ಲ ದಶಮಾಂಶದವರೆಗೆ ಇರುತ್ತದೆ. ಬಸ್ಸಿನ ಪಾಲಿಗೆ ಬರುವುದು ಸಾಮಾನ್ಯವಾಗಿ ಒಂದು ಪ್ಯಾರಾ: ‘ನಿವೇಶನದಿಂದ 300 ಮೀಟರಿನಲ್ಲಿ ಬಸ್ ನಿಲ್ದಾಣವಿದೆ, ಅಲ್ಲಿ 14 ಮಾರ್ಗಗಳ ಬಸ್ಸುಗಳು ಬರುತ್ತವೆ, ಆದ್ದರಿಂದ ಸಾರ್ವಜನಿಕ ಸಾರಿಗೆ ಸಂಪರ್ಕ ಉತ್ತಮವಾಗಿದೆ.’

ಈ ಒಂದು ವಾಕ್ಯದಲ್ಲಿ ಮೂರು ತೂತುಗಳಿವೆ. 300 ಮೀಟರು ಎಲ್ಲಿಂದ ಎಲ್ಲಿಗೆ? ನಕ್ಷೆಯ ಮೇಲೆ ಸ್ಕೇಲಿಟ್ಟು ಎಳೆದದ್ದೋ, ಕಾಲಲ್ಲಿ ನಡೆದದ್ದೋ? 14 ಮಾರ್ಗ ಅಂದರೆ ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆಯೊಳಗೆ ಎಷ್ಟು ಟ್ರಿಪ್? ಮತ್ತೆ ‘ಉತ್ತಮ’ ಅನ್ನುವುದು ಯಾವುದಕ್ಕೆ ಹೋಲಿಸಿ? ಇವತ್ತು ಈ ಮೂರು ಪ್ರಶ್ನೆಗಳಿಗೆ ಅಂಕಿಯಲ್ಲಿ ಉತ್ತರ ಪಡೆಯುವುದು ಹೇಗೆ ಅಂತ ನೋಡೋಣ. ಕ್ಯಾಲ್ಕುಲೇಟರ್ ಇದ್ದರೆ ಸಾಕು, ಸಾಫ್ಟ್‌ವೇರ್ ಬೇಕಿಲ್ಲ.

ನಮ್ಮಲ್ಲಿ ಮಾನದಂಡಗಳೇ ಇಲ್ಲ ಅಂತ ಯಾರೂ ಹೇಳುವಂತಿಲ್ಲ. ಕೇಂದ್ರದ ನಗರಾಭಿವೃದ್ಧಿ ಸಚಿವಾಲಯ 2009ರಲ್ಲೇ ನಗರ ಸಾರಿಗೆಗೆ ಸೇವಾ ಮಟ್ಟದ ಮಾನದಂಡಗಳನ್ನು ಕೊಟ್ಟಿದೆ. ಸಾವಿರ ಜನಕ್ಕೆ 0.6 ಬಸ್ಸು, ಸರಾಸರಿ ಕಾಯುವ ಹೊತ್ತು 4 ನಿಮಿಷದೊಳಗೆ, ಸೀಟೊಂದಕ್ಕೆ ಒಂದೂವರೆ ಜನಕ್ಕಿಂತ ಹೆಚ್ಚಿಲ್ಲದ ತುಂಬುವಿಕೆ: ಇಷ್ಟಿದ್ದರೆ ಮೊದಲ ದರ್ಜೆ. ಕಾಯುವುದು 10 ನಿಮಿಷ ದಾಟಿದರೆ ನಾಲ್ಕನೆಯ, ಅಂದರೆ ಕೊನೆಯ ದರ್ಜೆ. ಆದರೆ ಇದು ಊರಿಗೆ ಊರನ್ನೇ ಅಳೆಯುವ ಕೋಲು. ಒಂದು ಕೋಟಿ ಜನಕ್ಕೆ 6,000 ಬಸ್ಸಿದ್ದರೆ ಊರು ಪಾಸು. ಆ 6,000ದಲ್ಲಿ ನಿಮ್ಮ ಮುಂದಿರುವ ಸರ್ವೆ ನಂಬರಿನ ಹತ್ತಿರ ಎಷ್ಟು ಹಾದುಹೋಗುತ್ತವೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಕಟ್ಟಡ ಬರುವುದು ಸರಾಸರಿಯ ಮೇಲಲ್ಲ, ಒಂದು ನಿರ್ದಿಷ್ಟ ಗೇಟಿನ ಹಿಂದೆ.

ಗೇಟಿನಿಂದ ಅಳೆಯುವ ಪದ್ಧತಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಲಂಡನ್ನಿನ ಪಿಟಿಎಎಲ್, ಅಂದರೆ ಸಾರ್ವಜನಿಕ ಸಾರಿಗೆ ಎಷ್ಟು ಕೈಗೆಟುಕುತ್ತದೆ ಎಂಬುದರ ಮಟ್ಟ. 1992ರಲ್ಲಿ ಹ್ಯಾಮರ್‌ಸ್ಮಿತ್ ಮತ್ತು ಫುಲ್‌ಹ್ಯಾಮ್ ಎಂಬ ಬರೋದ (ಲಂಡನ್ನಿನ ಒಂದು ಆಡಳಿತ ವಿಭಾಗದ) ಸ್ಥಳೀಯ ಆಡಳಿತ ರೂಪಿಸಿದ್ದು, ಆಮೇಲೆ ಇಡೀ ಲಂಡನ್ನಿಗೆ ಹಬ್ಬಿತು. ಲೆಕ್ಕ ಹೀಗೆ. ಮನುಷ್ಯ ನಿಮಿಷಕ್ಕೆ 80 ಮೀಟರು ನಡೆಯುತ್ತಾನೆ ಅಂತ ಇಟ್ಟುಕೊಳ್ಳುತ್ತಾರೆ. ಬಸ್ ಸ್ಟಾಪು 640 ಮೀಟರಿನೊಳಗೆ, ರೈಲು ನಿಲ್ದಾಣ 960 ಮೀಟರಿನೊಳಗೆ ಇದ್ದರೆ ಮಾತ್ರ ಲೆಕ್ಕಕ್ಕೆ ಸೇರುತ್ತದೆ. ನಡೆಯುವ ನಿಮಿಷಕ್ಕೆ ಕಾಯುವ ನಿಮಿಷ ಕೂಡಿಸಬೇಕು. ಕಾಯುವುದು ಎಂದರೆ ಎರಡು ಬಸ್ಸಿನ ನಡುವಿನ ಅಂತರದ ಅರ್ಧ. ಅದರ ಮೇಲೆ, ಹೇಳಿದ ಹೊತ್ತಿಗೆ ಬರದಿರುವುದಕ್ಕೆ ಬಸ್ಸಿಗೆ 2 ನಿಮಿಷ, ರೈಲಿಗೆ 0.75 ನಿಮಿಷ. ಒಟ್ಟು ಬಂದ ನಿಮಿಷದಿಂದ 30ನ್ನು ಭಾಗಿಸಿದರೆ ಆ ಮಾರ್ಗದ ಅಂಕ. ಬಸ್ಸುಗಳಲ್ಲಿ ಅತಿ ಹೆಚ್ಚು ಅಂಕದ ಮಾರ್ಗಕ್ಕೆ ಪೂರ್ತಿ, ಉಳಿದವಕ್ಕೆ ಅರ್ಧರ್ಧ. ರೈಲಿಗೂ ಹಾಗೇ ಪ್ರತ್ಯೇಕವಾಗಿ ಮಾಡಿ, ಎಲ್ಲ ಕೂಡಿಸಿ. ಮೊತ್ತ 5 ದಾಟಿದರೆ 2ನೆಯ ಪಟ್ಟಿ (ಮಟ್ಟ), 10 ದಾಟಿದರೆ 3, 15 ದಾಟಿದರೆ 4, 20 ದಾಟಿದರೆ 5. ಎಲ್ಲಕ್ಕಿಂತ ಮೇಲಿನದು 6ಬಿ, 40 ದಾಟಿದ ಜಾಗಗಳು.

ಒಂದು ಕಲ್ಪಿತ ನಿವೇಶನ ತೆಗೆದುಕೊಳ್ಳೋಣ. ಬೆಂಗಳೂರಿನ ಹೊರವರ್ತುಲ ರಸ್ತೆಯಂಥ ದೊಡ್ಡ ರಸ್ತೆಯ ಪಕ್ಕ. ಆಚೆ ಬದಿಯ ಸ್ಟಾಪು ನೇರ ಗೆರೆಯಲ್ಲಿ 200 ಮೀಟರು. ಆದರೆ ನಡುವೆ ಮೀಡಿಯನ್, ಅದರ ಮೇಲೆ ಬೇಲಿ. ಸ್ಕೈವಾಕ್ ಇರುವುದು ಮುಂದೆ. ನಡೆದು ಹೋದರೆ 520 ಮೀಟರು, ಆರೂವರೆ ನಿಮಿಷ. ಒಂದು ಮಾರ್ಗದಲ್ಲಿ ಗಂಟೆಗೆ 6 ಬಸ್ಸು: ಕಾಯುವುದು 5, ಮೇಲೆ 2, ನಡಿಗೆ ಸೇರಿ 13.5 ನಿಮಿಷ, ಅಂಕ 2.22. ಎರಡನೆಯದರಲ್ಲಿ ಗಂಟೆಗೆ 3: ಒಟ್ಟು 18.5 ನಿಮಿಷ, ಅಂಕ 1.62, ಅರ್ಧ 0.81. ಮೂರನೆಯದರಲ್ಲಿ ಗಂಟೆಗೆ 2: 23.5 ನಿಮಿಷ, ಅರ್ಧ ಅಂಕ 0.64. ಮೆಟ್ರೊ 900 ಮೀಟರು, 10 ನಿಮಿಷಕ್ಕೊಂದು ರೈಲು: ಒಟ್ಟು 17 ನಿಮಿಷ, ಅಂಕ 1.76. ಎಲ್ಲ ಕೂಡಿದರೆ 5.43. ಲಂಡನ್ನಿನ ಲೆಕ್ಕದಲ್ಲಿ 2ನೆಯ ಪಟ್ಟಿ. ವರದಿಯಲ್ಲಿ ‘ಉತ್ತಮ’ ಅಂತ ಬರೆದ ಜಾಗ ಇದು.

ಈಗ ಇದನ್ನು ಸುಧಾರಿಸಬೇಕು. ಮೊದಲ ಮಾರ್ಗದ ಬಸ್ಸನ್ನು ದುಪ್ಪಟ್ಟು ಮಾಡಿ, ಗಂಟೆಗೆ 12. ಒಟ್ಟು 13.5 ನಿಮಿಷ ಇದ್ದದ್ದು 11ಕ್ಕೆ ಇಳಿಯುತ್ತದೆ. ಅದರ ಬದಲು ಬಸ್ಸು ಇದ್ದಷ್ಟೇ ಇರಲಿ, ಗೇಟಿನ ಎದುರೇ ಸಿಗ್ನಲ್ ಸಹಿತ ದಾಟುದಾರಿ ಮಾಡಿ 200 ಮೀಟರಿನಲ್ಲಿ ಸ್ಟಾಪು ಸಿಗುವಂತೆ ಮಾಡಿ. ಒಟ್ಟು 9.5 ನಿಮಿಷ. ಸಿಗ್ನಲಿಗೆ ಒಂದು ನಿಮಿಷ ನಿಂತರೂ 10.5. ಹೊಸ ಬಸ್ಸು, ಅದಕ್ಕೆ ಡ್ರೈವರು, ಕಂಡಕ್ಟರು, ಡಿಪೋದಲ್ಲಿ ಜಾಗ, ವರ್ಷವರ್ಷದ ಖರ್ಚು. ಇಷ್ಟೆಲ್ಲ ಮಾಡಿ ಗಳಿಸುವುದಕ್ಕಿಂತ ಹೆಚ್ಚನ್ನು ಒಂದು ದಾಟುದಾರಿ ಕೊಡುತ್ತದೆ, ಅದೂ ಆ ಸ್ಟಾಪಿನ ಎಲ್ಲ ಮಾರ್ಗಗಳಿಗೂ. ಅನುಮತಿಯ ಹಂತದಲ್ಲಿ ನಿಮ್ಮ ಕೈಯಲ್ಲಿರುವುದೂ ಅದೇ. ಬಸ್ಸು ಓಡಿಸುವುದು ಬಿಲ್ಡರಿನ ಕೆಲಸವಲ್ಲ. ಗೇಟು ಎಲ್ಲಿ ಇಡಬೇಕು, ಕಾಂಪೌಂಡು ಎಲ್ಲಿ ಒಡೆಯಬೇಕು ಅನ್ನುವುದು ಆ ನಕ್ಷೆಯಲ್ಲೇ ಇದೆ. ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸಿನಂತೆ ನಿಲ್ದಾಣ ರಸ್ತೆಯ ನಡುವೆ ಇರುವ ಕಡೆ, ಯಾವ ಬದಿಯಿಂದ ಹೊರಟರೂ ಅರ್ಧ ರಸ್ತೆ ದಾಟಲೇಬೇಕು. ಅಲ್ಲಿ ದಾಟುವ ಹೊತ್ತನ್ನು ಬಿಟ್ಟು ಮಾಡಿದ ಲೆಕ್ಕ ಲೆಕ್ಕವೇ ಅಲ್ಲ.

ಮೆಟ್ರೊ ವಿಷಯದಲ್ಲಿ ಇದೇ ತಪ್ಪು ದೊಡ್ಡ ಪ್ರಮಾಣದಲ್ಲಿ ಆಗುತ್ತದೆ. ಕೇಂದ್ರದ 2017ರ ಸಾರಿಗೆ ಆಧಾರಿತ ಅಭಿವೃದ್ಧಿ ನೀತಿ ನಿಲ್ದಾಣದ ಸುತ್ತ 500ರಿಂದ 800 ಮೀಟರನ್ನು ಪ್ರಭಾವ ವಲಯ ಅನ್ನುತ್ತದೆ. ಕಂಪಾಸಿನಲ್ಲಿ ವೃತ್ತ ಎಳೆದರೆ ಆಯಿತು, ಒಳಗಿದ್ದವರಿಗೆಲ್ಲ ಹೆಚ್ಚುವರಿ ಎಫ್‌ಎಆರ್ (ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಅನುಪಾತ) ಕೇಳುವ ದಾರಿ ತೆರೆಯಿತು. ಬೆಂಗಳೂರಿನ ಹಳದಿ ಮಾರ್ಗ ನೆನಪಿಸಿಕೊಳ್ಳಿ. ಆರ್‌ವಿ ರಸ್ತೆಯಿಂದ ಬೊಮ್ಮಸಂದ್ರಕ್ಕೆ 2025ರ ಆಗಸ್ಟ್ 10ರಂದು ಉದ್ಘಾಟನೆಯಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ನಿಲ್ದಾಣಕ್ಕೆ 640 ಮೀಟರು ನಡೆಯುವವನಿಗೆ ಆಗ ನಡಿಗೆ 8, ಕಾಯುವುದು 12.5, ಮೇಲೆ 0.75: ಒಟ್ಟು 21.25 ನಿಮಿಷ, ಅಂಕ 1.41. ಅದೇ ನಿಲ್ದಾಣಕ್ಕೆ 5 ನಿಮಿಷಕ್ಕೊಂದು ರೈಲು ಬಂದರೆ 11.25 ನಿಮಿಷ, ಅಂಕ 2.67. ವೃತ್ತ ಅದೇ, ನಿಲ್ದಾಣ ಅದೇ, ಸೇವೆ ಹೆಚ್ಚುಕಡಿಮೆ ದುಪ್ಪಟ್ಟು. 25 ನಿಮಿಷಕ್ಕೊಂದು ರೈಲಿದ್ದರೆ ಜನ ಸುಮ್ಮನೆ ಹೋಗಿ ನಿಲ್ಲುವುದಿಲ್ಲ, ವೇಳೆ ನೋಡಿಕೊಂಡೇ ಮನೆ ಬಿಡುತ್ತಾರೆ ಅಂತ ನೀವು ಹೇಳಬಹುದು, ಅದು ನಿಜ. ಆದರೆ ಒಂಬತ್ತಕ್ಕೆ ಆಫೀಸಿದ್ದವನು ಎಂಟೂ ಮೂವತ್ತೈದಕ್ಕೇ ತಲುಪಿ ಕೂತಿದ್ದರೆ ಆ ಕಾಯುವಿಕೆ ಆಚೆ ತುದಿಗೆ ಹೋಯಿತೇ ಹೊರತು ಮಾಯವಾಗಲಿಲ್ಲ.

ಪಿಟಿಎಎಲ್ ನಡಿಗೆಯನ್ನು ನಿಲ್ದಾಣದ ಬಾಗಿಲವರೆಗೆ ಮಾತ್ರ ಎಣಿಸುತ್ತದೆ, ಪ್ಲಾಟ್‌ಫಾರ್ಮಿನವರೆಗೆ ಅಲ್ಲ. ನಮ್ಮಲ್ಲಿ ಬಾಗಿಲಿನಿಂದಾಚೆ ಬ್ಯಾಗ್ ತಪಾಸಣೆಯ ಸಾಲು, ಎರಡು ಮಹಡಿ ಮೆಟ್ಟಿಲು ಇವೆ. ದಟ್ಟಣೆಯ ಹೊತ್ತಿನಲ್ಲಿ ಅದನ್ನು ಗಡಿಯಾರ ಹಿಡಿದು ಅಳೆದು ನಡಿಗೆಯ ನಿಮಿಷಕ್ಕೆ ಸೇರಿಸಿ.

ಲಂಡನ್ನಿನ ಸೂತ್ರವನ್ನು ಹಾಗೇ ತಂದು ಇಲ್ಲಿ ಕೂರಿಸಿದರೆ ಇನ್ನೊಂದು ಕಡೆ ಕೆಡುತ್ತದೆ. ಇದು ನಿಧಾನವಾಗಿ ಕೇಳಿ, ವರದಿಗಳಲ್ಲಿ ಅಂಕ ಉಬ್ಬುವುದು ಇಲ್ಲೇ. ನಮ್ಮ ಬಸ್ ಸಂಖ್ಯೆಗಳಿಗೆ ಬಾಲ ಜಾಸ್ತಿ. ಒಂದೇ ದಾರಿಯಲ್ಲಿ ಹೋಗುವ ಮಾರ್ಗಕ್ಕೆ ಎ, ಬಿ, ಡಿ, ಇ ಅಂತ ಕವಲುಗಳು, ಒಂದೊಂದರಲ್ಲಿ ಗಂಟೆಗೊಂದೋ ದಿನಕ್ಕೆ ನಾಲ್ಕೋ ಟ್ರಿಪ್. ನಮ್ಮ ಕಲ್ಪಿತ ಸ್ಟಾಪಿನಲ್ಲಿ ಇಂಥ ಹತ್ತು ಕವಲು, ಒಂದೊಂದಕ್ಕೂ ಗಂಟೆಗೆ ಒಂದು ಬಸ್ಸು ಅಂತಿಟ್ಟುಕೊಳ್ಳಿ. ಒಂದೊಂದಕ್ಕೂ 38.5 ನಿಮಿಷ, ಅಂಕ 0.78. ಹತ್ತು ಬೇರೆ ಬೇರೆ ಮಾರ್ಗ ಅಂತ ಎಣಿಸಿದರೆ ಮೊತ್ತ 4.29. ಆದರೆ ಹತ್ತೂ ಹೋಗುವುದು ಒಂದೇ ರಸ್ತೆಯಲ್ಲಿ ಮೆಜೆಸ್ಟಿಕ್ಕಿಗೇ. ಅಲ್ಲಿಗೆ ಹೋಗುವವನ ಪಾಲಿಗೆ ಅದು ಗಂಟೆಗೆ 10 ಬಸ್ಸಿರುವ ಒಂದು ಮಾರ್ಗ: 11.5 ನಿಮಿಷ, ಅಂಕ 2.61. ಬಸ್ಸು ಹತ್ತೇ, ಬೋರ್ಡಿನ ಮೇಲಿನ ನಂಬರಿನಿಂದ ಅಂಕ ಒಂದೂವರೆ ಮಡಿಗಿಂತ ಹೆಚ್ಚಾಯಿತು. ಹಾಗಾಗಿ ಲೆಕ್ಕ ಹಾಕುವ ಮೊದಲು ಮಾರ್ಗಗಳನ್ನು ನಂಬರಿನಿಂದಲ್ಲ, ಹೋಗುವ ದಾರಿಯಿಂದ ಗುಂಪು ಮಾಡಿ. ಮೊದಲ ಐದಾರು ಕಿಲೋಮೀಟರು ಒಟ್ಟಿಗೇ ಹೋಗುವ ಕವಲುಗಳೆಲ್ಲ ಒಂದೇ. ಒಂದೇ ಮಾರ್ಗದ ಬಸ್ಸು ಎರಡು ಸ್ಟಾಪಿನಲ್ಲಿ ಸಿಕ್ಕರೆ ಹತ್ತಿರದ್ದನ್ನು ಮಾತ್ರ ಎಣಿಸಿ. ಲಂಡನ್ನಿನ ಪಟ್ಟಿಯ ಗಡಿಗಳನ್ನೂ ಎರವಲು ತರಬೇಡಿ. ನಿಮ್ಮ ಊರಿನದೇ ಐವತ್ತು ಜಾಗಗಳಿಗೆ ಲೆಕ್ಕ ಮಾಡಿ, ಮೆಜೆಸ್ಟಿಕ್ ಎಷ್ಟಕ್ಕೆ ಬರುತ್ತದೆ, ಊರಾಚೆಯ ಬಡಾವಣೆ ಎಷ್ಟಕ್ಕೆ ಬರುತ್ತದೆ ನೋಡಿ ಗಡಿ ಹಾಕಿಕೊಳ್ಳಿ.

ಇಲ್ಲಿಯವರೆಗೆ ಅಂತರದ ಅರ್ಧ ಕಾಯುತ್ತೇವೆ ಅಂತ ನಂಬಿ ನಡೆದೆವು. ಬಸ್ಸುಗಳು ಸಮನಾಗಿ ಬಂದರೆ ಮಾತ್ರ ಅದು ಸರಿ. ಗಂಟೆಗೆ 6 ಬಸ್ಸು ಎರಡೆರಡಾಗಿ ಅಂಟಿಕೊಂಡು ಬಂದವು ಅನ್ನಿ: ಒಂದು ನಿಮಿಷದ ಅಂತರ, ಆಮೇಲೆ 19 ನಿಮಿಷ ಖಾಲಿ, ಮತ್ತೆ ಒಂದು, ಮತ್ತೆ 19. ಸರಾಸರಿ ಅಂತರ ಈಗಲೂ 10 ನಿಮಿಷವೇ. ಆದರೆ ಜನ ಸ್ಟಾಪಿಗೆ ಬರುವುದು ಹೆಚ್ಚಾಗಿ ಆ 19 ನಿಮಿಷದೊಳಗೆ. ಅಂತರಗಳ ವರ್ಗಗಳನ್ನು ಕೂಡಿ, ಅಂತರಗಳ ಮೊತ್ತದ ಎರಡರಷ್ಟರಿಂದ ಭಾಗಿಸಿ: 1 ಮತ್ತು 361, ಒಟ್ಟು 362, ಅದನ್ನು 40ರಿಂದ ಭಾಗಿಸಿದರೆ 9.05. ಕಾಯುವುದು 5 ನಿಮಿಷವಲ್ಲ, 9. ಹೆಚ್ಚುವರಿ 2 ನಿಮಿಷ ಇದನ್ನು ಮುಚ್ಚುವುದಿಲ್ಲ. ಅಮೆರಿಕದ ಸಾರಿಗೆ ಸಾಮರ್ಥ್ಯ ಮತ್ತು ಸೇವಾ ಗುಣಮಟ್ಟದ ಕೈಪಿಡಿಯ ಹಳೆಯ ಆವೃತ್ತಿಗಳಲ್ಲಿ ಇದಕ್ಕೆಂದೇ ಒಂದು ಕೋಷ್ಟಕ ಇತ್ತು. ಅಂತರಗಳ ಮಾನಕ ವಿಚಲನೆಯನ್ನು (ಅವು ಸರಾಸರಿಯಿಂದ ಎಷ್ಟು ಆಚೀಚೆ ಹೋಗುತ್ತವೆ ಎಂಬ ಅಳತೆ) ಸರಾಸರಿ ಅಂತರದಿಂದ ಭಾಗಿಸಿದಾಗ 0.21ರೊಳಗಿದ್ದರೆ ಎ, ಅಂದರೆ ಅತ್ಯುತ್ತಮ; 0.75 ಮುಟ್ಟಿದರೆ ಎಫ್, ಅಂದರೆ ಅತಿ ಕಳಪೆ. ನಮ್ಮ ಜೋಡಿ ಬಸ್ಸುಗಳದು 0.9. 2013ರ ಮೂರನೆಯ ಆವೃತ್ತಿಯಲ್ಲಿ ಅಕ್ಷರಗಳನ್ನು ಕೈಬಿಟ್ಟು, ಒಂದೊಂದು ಮಟ್ಟದಲ್ಲಿ ಪ್ರಯಾಣಿಕನಿಗೆ ಏನಾಗುತ್ತದೆ, ಬಸ್ಸು ಓಡಿಸುವವನಿಗೆ ಏನಾಗುತ್ತದೆ ಅಂತ ವಿವರಿಸಿದ್ದಾರೆ. ಒಳ್ಳೆಯದೇ ಆಯಿತು, ಅಕ್ಷರ ಕೊಟ್ಟರೆ ಜನ ಅದನ್ನು ಪರೀಕ್ಷೆಯ ಫಲಿತಾಂಶದಂತೆ ಓದುತ್ತಾರೆ.

ಆದ್ದರಿಂದ ವೇಳಾಪಟ್ಟಿ ಒಂದನ್ನೇ ನಂಬಬೇಡಿ, ಸ್ಟಾಪಿನಲ್ಲಿ ನಿಂತು ಬರೆದುಕೊಳ್ಳಿ. ಒಬ್ಬರಿಂದ ಆಗದ ಕೆಲಸ. ಒಬ್ಬರು ಬೋರ್ಡು ಓದಿ ಸಮಯ ಹೇಳಬೇಕು, ಇನ್ನೊಬ್ಬರು ಬಾಗಿಲ ಕಡೆ ನೋಡಬೇಕು. ಮಂಗಳವಾರದಿಂದ ಗುರುವಾರದೊಳಗಿನ ದಿನಗಳು, ಶಾಲೆ ಕಾಲೇಜು ನಡೆಯುತ್ತಿರುವ ವಾರ, ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ. ಹಾಳೆಯಲ್ಲಿ ಬೇಕಾದದ್ದು ಬಂದ ಹೊತ್ತು, ಮಾರ್ಗದ ಸಂಖ್ಯೆ, ನಿಂತಿತೋ ಇಲ್ಲವೋ, ಎಲ್ಲಿ ನಿಂತಿತು, ಎಷ್ಟು ತುಂಬಿತ್ತು, ಹತ್ತಲಾಗದೆ ಎಷ್ಟು ಜನ ಉಳಿದರು. ತುಂಬುವಿಕೆಗೆ ತಲೆ ಎಣಿಸುತ್ತ ಕೂರಬೇಡಿ, ಐದು ಗುರುತು ಸಾಕು: ಸೀಟು ಖಾಲಿ ಇದೆ, ಸೀಟು ಭರ್ತಿ, ನಡುದಾರಿಯಲ್ಲಿ ಆರಾಮಾಗಿ ನಿಂತಿದ್ದಾರೆ, ಮೆಟ್ಟಿಲವರೆಗೂ ಜನ, ಹತ್ತಲಾಗಲಿಲ್ಲ. ‘ಎಲ್ಲಿ ನಿಂತಿತು’ ಅನ್ನುವ ಕಾಲಂ ಬೇಡವೆನಿಸಬಹುದು, ಬಿಡಬೇಡಿ. ತಂಗುದಾಣದ ಮುಂದೆ ಆಟೊಗಳು ನಿಂತಿದ್ದರೆ ಬಸ್ಸು ಎರಡನೆಯ ಲೇನಿನಲ್ಲೇ ನಿಲ್ಲುತ್ತದೆ. ವಯಸ್ಸಾದವರು ರಸ್ತೆಗಿಳಿದು, ಎತ್ತರದ ಮೆಟ್ಟಿಲು ಹತ್ತಬೇಕು. ನಕ್ಷೆಯಲ್ಲಿ ಸ್ಟಾಪು ಇದೆ, ಅವರ ಪಾಲಿಗೆ ಇಲ್ಲ.

ಜಿಪಿಎಸ್ ದತ್ತಾಂಶ ಸಿಕ್ಕರೆ ಖಂಡಿತ ತೆಗೆದುಕೊಳ್ಳಿ, ತಿಂಗಳ ಚಿತ್ರ ಸಿಗುತ್ತದೆ. ಆದರೆ ಅದು ಬಸ್ಸು ಸ್ಟಾಪಿನ ಮುಂದೆ ಹಾದುಹೋಯಿತು ಅಂತ ಹೇಳುತ್ತದೆ, ಇಪ್ಪತ್ತು ಜನರನ್ನು ಬಿಟ್ಟುಹೋಯಿತು ಅಂತ ಹೇಳುವುದಿಲ್ಲ. ಶೆಡ್ಯೂಲಿನಲ್ಲಿ 6 ಟ್ರಿಪ್ ಇದ್ದು ಬಂದದ್ದು 4 ಆದರೆ ವರದಿಯಲ್ಲಿ ಎರಡೂ ಅಂಕಿ ಇರಲಿ. ಲೆಕ್ಕಕ್ಕೆ ಬಳಸುವುದು 4. ಕೊನೆಯ ಬಸ್ಸು ಎಷ್ಟು ಗಂಟೆಗೆ ಅನ್ನುವುದನ್ನೂ ಬರೆಯಿರಿ. ಲಂಡನ್ನಿನವರು ನೋಡುವುದು ಬೆಳಿಗ್ಗೆ 8:15ರಿಂದ 9:15, ಅಷ್ಟೇ. ಆಸ್ಪತ್ರೆಯ ನರ್ಸಿಗೆ, ಮಾಲ್‌ನಲ್ಲಿ ಕೆಲಸ ಮಾಡುವ ಹುಡುಗಿಗೆ ಬೇಕಾದ ಬಸ್ಸು ರಾತ್ರಿ ಹತ್ತರದು.

ಪಿಟಿಎಎಲ್ ಹೇಳದ ದೊಡ್ಡ ವಿಷಯ ಇನ್ನೊಂದಿದೆ: ಬಸ್ಸು ಎಲ್ಲಿಗೆ ಹೋಗುತ್ತದೆ ಅಂತ ಅದಕ್ಕೆ ಗೊತ್ತಿಲ್ಲ. ಬಸ್ಸು ಹತ್ತಿದ ಮೇಲಿನ ಕಥೆ ಅದರ ಲೆಕ್ಕದಲ್ಲಿಲ್ಲ. ಅದಕ್ಕೆ ಜೊತೆಯಾಗಿ, ಆ ಗೇಟಿನಿಂದ 45 ನಿಮಿಷದಲ್ಲಿ ಎಷ್ಟು ಉದ್ಯೋಗ, ಎಷ್ಟು ಕಾಲೇಜು, ಯಾವ ಆಸ್ಪತ್ರೆ ತಲುಪಬಹುದು ಎಂಬ ನಕ್ಷೆ ಬೇಕು. ದೊಡ್ಡ ಯೋಜನೆಗಳಿಗೆ ಅದನ್ನು ಕೇಳಿ, ಸಣ್ಣದಕ್ಕೆ ಮೇಲಿನ ಲೆಕ್ಕ ಸಾಕು.

ಈಗ ತಿರುಗಿಸಿ ನೋಡೋಣ. ಸಾರಿಗೆಯಿಂದ ಕಟ್ಟಡಕ್ಕೆ ಏನು ಅನುಕೂಲ ಅಂತ ಇಷ್ಟು ಹೊತ್ತು ನೋಡಿದೆವು. ಕಟ್ಟಡದಿಂದ ಸಾರಿಗೆಗೆ ಏನಾಗುತ್ತದೆ? ಇದನ್ನು ಕೇಳುವವರು ಕಡಿಮೆ. ಹಳೆಯ ಪದ್ಧತಿಯಲ್ಲಿ ಸಿಗ್ನಲಿನಲ್ಲಿ ವಾಹನಗಳ ವಿಳಂಬ ಅಳೆಯುತ್ತಾರೆ. ಅಲ್ಲಿ 60 ಜನರ ಬಸ್ಸು ಎರಡು ಮೂರು ಕಾರಿಗೆ ಸಮ. ವಿಳಂಬ ಹೆಚ್ಚಾದರೆ ಪರಿಹಾರ ರಸ್ತೆ ಅಗಲ ಮಾಡುವುದು, ಎಡಕ್ಕೆ ತಡೆಯಿಲ್ಲದ ತಿರುವು ಕೊಡುವುದು. ಫುಟ್‌ಪಾತ್ ಕಿರಿದಾಗುತ್ತದೆ, ದಾಟುವ ದೂರ ಹೆಚ್ಚುತ್ತದೆ, ಮೇಲಿನ ಲೆಕ್ಕದ ನಡಿಗೆಯ ನಿಮಿಷ ಏರುತ್ತದೆ. ಕಾರಿಗಾಗಿ ಮಾಡಿದ ಪರಿಹಾರ ಬಸ್ಸಿನ ಅಂಕ ಇಳಿಸಿತು. ಇದಕ್ಕೇ ಕ್ಯಾಲಿಫೋರ್ನಿಯಾ 2013ರಲ್ಲಿ ಎಸ್‌ಬಿ 743 ಎಂಬ ಕಾನೂನು ತಂದು, ಪರಿಸರ ಪರಿಶೀಲನೆಯಿಂದ ಕಾರಿನ ವಿಳಂಬವನ್ನೇ ತೆಗೆದುಹಾಕಿತು. 2020ರ ಜುಲೈಯಿಂದ ರಾಜ್ಯದ ಉದ್ದಕ್ಕೂ ಅಳೆಯುವುದು ಯೋಜನೆಯಿಂದ ಹುಟ್ಟುವ ವಾಹನ ಸಂಚಾರದ ಒಟ್ಟು ಮೈಲಿಗಳನ್ನು. ಅಲ್ಲಿನ ಕಾನೂನಿನಲ್ಲಿ ಗುಣಮಟ್ಟದ ಬಸ್ ಕಾರಿಡಾರ್ ಎಂದರೆ ದಟ್ಟಣೆಯ ಹೊತ್ತಿನಲ್ಲಿ 15 ನಿಮಿಷಕ್ಕೊಂದಾದರೂ ಬಸ್ಸು ಇರಬೇಕು. ಅಂದರೆ ವ್ಯಾಖ್ಯೆಯೊಳಗೇ ಅಂತರ ಬಂತು, ಬರೀ ದೂರವಲ್ಲ. ಟ್ರಿಪ್ ಕಡಿತವಾದರೆ ಆ ರಸ್ತೆ ಅಂಥ ಕಾರಿಡಾರ್‌ಗಳ ನಕ್ಷೆಯಿಂದಲೇ ಬಿದ್ದುಹೋಗುತ್ತದೆ.

ಸ್ಯಾನ್ ಫ್ರಾನ್ಸಿಸ್ಕೊ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿನ ಯೋಜನಾ ಇಲಾಖೆಯ 2019ರ ಮಾರ್ಗಸೂಚಿಯ ಪ್ರಕಾರ, ಒಂದು ಯೋಜನೆಯಿಂದ ಯಾವುದೇ ಮಾರ್ಗದ ಬಸ್ಸಿಗೆ 4 ನಿಮಿಷ ಅಥವಾ ಹೆಚ್ಚು ತಡವಾದರೆ ಅದು ಗಣನೀಯ ಪರಿಣಾಮ. 8 ನಿಮಿಷಕ್ಕಿಂತ ಕಡಿಮೆ ಅಂತರದ ಮಾರ್ಗವಾದರೆ ಆ ಅಂತರದ ಅರ್ಧವೇ ಮಿತಿ. ನಾವು ಎರವಲು ತರಬೇಕಾದ ಸಾಲು ಇದು. ಗೇಟಿನಿಂದ ಹೊರಬರುವ ಕಾರುಗಳು ಸ್ಟಾಪಿಗೂ ಸಿಗ್ನಲಿಗೂ ನಡುವೆ ನುಗ್ಗಿದರೆ ಬಸ್ಸು ಎಷ್ಟು ಹೊತ್ತು ಸಿಕ್ಕಿಬೀಳುತ್ತದೆ ಅಂತ ಲೆಕ್ಕ ಹಾಕಲೇಬೇಕಾಗುತ್ತದೆ. 40 ಸೆಕೆಂಡೇ ಆಗಲಿ. ನಮ್ಮ ಕಲ್ಪಿತ ಸ್ಟಾಪಿನ ಮೂರು ಮಾರ್ಗ ಸೇರಿ ಗಂಟೆಗೆ 11 ಬಸ್ಸು, ಬಸ್ಸಿಗೆ 60 ಜನ ಅಂದರೆ ಗಂಟೆಗಂಟೆಗೂ ಏಳಕ್ಕಿಂತ ಹೆಚ್ಚು ಮಾನವ-ಗಂಟೆ ಹಾಳು. ಗೇಟನ್ನು ಪಕ್ಕದ ರಸ್ತೆಗೆ ಸರಿಸಿದರೆ ಅದು ಸೊನ್ನೆ.

ಜಾಗದ ಪ್ರಶ್ನೆಯೂ ಇದೆ. 800 ಮನೆಗಳ ಸಮುಚ್ಚಯದಿಂದ ದಟ್ಟಣೆಯ ಗಂಟೆಯಲ್ಲಿ 120 ಜನ ಬಸ್ಸಿಗೆ ಬರುತ್ತಾರೆ ಅನ್ನೋಣ. ಆ ಗಂಟೆಯ 11 ಬಸ್ಸುಗಳೂ 40 ಸೀಟಿಗೆ 60 ಜನರನ್ನು ಹೊತ್ತೇ ಬರುತ್ತಿವೆ. ಬಸ್ಸಿಗೆ 11 ಜನ ಹೆಚ್ಚಾದರೆ 71, ಸೀಟೊಂದಕ್ಕೆ 1.78. 2009ರ ಮಾನದಂಡದಲ್ಲಿ ಮೊದಲ ದರ್ಜೆಯಿಂದ ಎರಡಕ್ಕೆ ಇಳಿಯಿತು. ನಮ್ಮಲ್ಲಿ ಮೊದಲ ದರ್ಜೆಯಾದ ಆ 1.5, ಅಮೆರಿಕದ ಅದೇ ಕೈಪಿಡಿಯ ತುಂಬುವಿಕೆಯ ಹಳೆಯ ಕೋಷ್ಟಕದಲ್ಲಿ ಕೊನೆಗಿಂತ ಒಂದೇ ಮೆಟ್ಟಿಲು ಮೇಲಿನ ಇ. ಆದರೂ ಸರಾಸರಿ 71 ಅನ್ನುವುದು ಕಾಗದದ ಮೇಲಿನ ಸಮಾಧಾನ. 19 ನಿಮಿಷ ಖಾಲಿಯಾದ ಮೇಲೆ ಬರುವ ಬಸ್ಸಿಗೆ 30 ಜನ ಕಾದಿರುತ್ತಾರೆ, ಅದರ ಬೆನ್ನಿಗೇ ಬರುವುದು ಖಾಲಿ ಬರುತ್ತದೆ. ಇದಕ್ಕೆ ಪರಿಹಾರ ಮಾರ್ಗದ ತುದಿಯಿಂದ ಹೊರಡುವ ಇನ್ನೊಂದು ಬಸ್ಸಲ್ಲ, ಅದೂ ಇಲ್ಲಿಗೆ ಬರುವಷ್ಟರಲ್ಲಿ ತುಂಬಿರುತ್ತದೆ. ಹತ್ತಿರದಲ್ಲೇ ಹುಟ್ಟುವ ಒಂದೆರಡು ಟ್ರಿಪ್ ಬೇಕು. ಅದಕ್ಕೆ ಬಸ್ಸು ತಿರುಗಲು, ಐದು ನಿಮಿಷ ನಿಲ್ಲಲು ಜಾಗ ಬೇಕು; ಆ ಜಾಗ ಕೇಳಬೇಕಾದದ್ದು ನಕ್ಷೆ ಮಂಜೂರಾಗುವ ಮೊದಲು.

ದುಡ್ಡು ಯಾರದು? ಇಂಗ್ಲೆಂಡಿನಲ್ಲಿ 1990ರ ನಗರ ಯೋಜನಾ ಕಾಯ್ದೆಯ 106ನೆಯ ಕಲಮಿನಡಿ ಬಿಲ್ಡರಿನ ಜೊತೆ ಒಪ್ಪಂದ ಮಾಡಿಕೊಂಡು, ಮೊದಲ ಕೆಲವು ವರ್ಷ ಹೆಚ್ಚುವರಿ ಬಸ್ಸು ಓಡಿಸುವ ಖರ್ಚನ್ನು ಅವರಿಂದ ಪಡೆಯುವ ರೂಢಿ ಇದೆ. ಕರ್ನಾಟಕದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 18ಎ ಕಲಮಿನಡಿ ಸಾಮೂಹಿಕ ತ್ವರಿತ ಸಾರಿಗೆಗೆ ಸೆಸ್ ವಸೂಲಾಗುತ್ತದೆ, ವರ್ತುಲ ರಸ್ತೆಗೂ ಆಗುತ್ತದೆ. ಗಂಟೆಗೆರಡು ಬಸ್ಸು ಹೆಚ್ಚು ಓಡಿಸುವ ಖರ್ಚು ಆ ಪಟ್ಟಿಯಲ್ಲಿಲ್ಲ. ಕಾಯ್ದೆ ಬದಲಾಗುವವರೆಗೆ ಷರತ್ತಿನಲ್ಲಿ ಕೇಳಬಹುದಾದದ್ದು ಜಾಗ, ದಾರಿ ಮತ್ತು ಗೇಟು.

ಷರತ್ತು ಬರೆಯುವ ಬಗೆಯೂ ಮುಖ್ಯ. ‘ಸೂಕ್ತ ಸಾರ್ವಜನಿಕ ಸಾರಿಗೆ ಸಂಪರ್ಕ ಕಲ್ಪಿಸತಕ್ಕದ್ದು’ ಎಂದು ಬರೆದರೆ ಅದನ್ನು ಪಾಲಿಸಿದ್ದಾರೋ ಇಲ್ಲವೋ ಅಂತ ಯಾರೂ ತೋರಿಸಲಾಗದು. ಬದಲಿಗೆ ಹೀಗಿರಲಿ: ಪಶ್ಚಿಮದ ಕಾಂಪೌಂಡಿನಲ್ಲಿ, ನಕ್ಷೆಯಲ್ಲಿ ಗುರುತಿಸಿದ ಜಾಗದಲ್ಲಿ ಗಾಲಿಕುರ್ಚಿ ಹೋಗುವಷ್ಟು ಅಗಲದ ಕಾಲುಗೇಟು, ಬೆಳಿಗ್ಗೆ ಐದರಿಂದ ಕೊನೆಯ ಬಸ್ಸಿನವರೆಗೆ ತೆರೆದಿರಬೇಕು, ಗೇಟಿನಿಂದ ಸ್ಟಾಪಿಗೆ ಅಡೆತಡೆಯಿಲ್ಲದ ಫುಟ್‌ಪಾತ್, ನಡಿಗೆ 250 ಮೀಟರು ಮೀರಬಾರದು, ಸ್ವಾಧೀನ ಪತ್ರಕ್ಕೆ ಅರ್ಜಿ ಹಾಕುವಾಗ ನಡೆದು ಅಳೆದ ದಾಖಲೆ ಲಗತ್ತಿಸಬೇಕು. ಇದರಲ್ಲಿ ಕೈಕೊಡುವುದು ಹೆಚ್ಚಾಗಿ ಗೇಟೇ. ಜನ ವಾಸಕ್ಕೆ ಬಂದ ಮೇಲೆ ಎರಡನೆಯ ಗೇಟಿಗೆ ಎರಡನೆಯ ಕಾವಲುಗಾರ ಬೇಕು, ಸಂಬಳ ಯಾರು ಕೊಡುತ್ತಾರೆ ಅಂತ ನಿವಾಸಿಗಳ ಸಂಘದಲ್ಲಿ ಚರ್ಚೆಯಾಗುತ್ತದೆ, ಆಮೇಲೆ ಬೀಗ ಬೀಳುತ್ತದೆ. 250 ಮೀಟರಿನ ದಾರಿ ಮತ್ತೆ 520 ಆಗುತ್ತದೆ. ಹಾಗಾಗಿ ಗೇಟಿನ ಆಚೆಗಿನ ಜಾಗದ ಪಟ್ಟಿಯನ್ನು ಸಾರ್ವಜನಿಕ ದಾರಿಯಾಗಿ ಸ್ಥಳೀಯ ಸಂಸ್ಥೆಗೆ ಬರೆದುಕೊಡುವಂತೆ ಕೇಳಿ, ಕಾವಲಿನ ಖರ್ಚನ್ನು ನಿರ್ವಹಣಾ ಶುಲ್ಕದ ಕರಾರಿನಲ್ಲೇ ಸೇರಿಸಲು ಹೇಳಿ. ಹಂತ ಹಂತವಾಗಿ ಕಟ್ಟುವ ಯೋಜನೆಯಾದರೆ ಎರಡನೆಯ ಹಂತದ ಅರ್ಜಿ ಬಂದಾಗ ಮೊದಲ ಹಂತದ ಗೇಟು ತೆರೆದಿದೆಯೇ ನೋಡಿ, ಸ್ಟಾಪಿನ ಹಾಳೆಯನ್ನು ಮತ್ತೊಮ್ಮೆ ಬರೆಸಿ, ಹಳೆಯದರ ಪಕ್ಕ ಇಟ್ಟು ಓದಿದ ಮೇಲೆಯೇ ಕಡತಕ್ಕೆ ಸಹಿ ಹಾಕಿ.